ಹೆದ್ದಾರಿಯ ಒಂಟಿ ಸಾರಥಿ

ಲಾರಿ ಚಾಲಕರ ಬಾಳು ಹಿಂದಿಗಿಂತ ಸುಧಾರಿಸಿದೆಯೇ ಎಂದು ಯಾರಾದರೂ ಕೇಳಿದರೆ ಹೌದೆಂದೂ ಇಲ್ಲವೆಂದೂ ಎರಡು ಉತ್ತರಗಳನ್ನು ಕೊಡಬೇಕಾಗುತ್ತದೆ. ರಸ್ತೆ ಸುಧಾರಿಸಿದೆ, ವಾಹನ ಸುಧಾರಿಸಿದೆ, ಗಡಿಗಳಲ್ಲಿ ದಿನಗಟ್ಟಲೆ ಕಾಯುವ ಕಷ್ಟ ಬಹುಮಟ್ಟಿಗೆ ತಪ್ಪಿದೆ. ಆದರೆ ವಾಹನವನ್ನು ನಡೆಸುವವನ ಪಕ್ಕದ ಸೀಟು ಬರಿದಾಗಿದೆ. ನಮ್ಮ ವಾಚಕರಲ್ಲಿ ಅನೇಕರು ವಿಜಯವಾಡ, ವಿಶಾಖಪಟ್ಟಣಗಳಲ್ಲಿ ಹೋಟೆಲು, ಬೇಕರಿ, ಅಂಗಡಿಗಳನ್ನು ನಡೆಸಿಕೊಂಡು ಬಂದವರು. ಊರಿನ ಅಡಕೆಯಿಂದ ಹಿಡಿದು ಅಡಿಗೆಮನೆಯ ಬೇಳೆಯವರೆಗೆ ನಮ್ಮ ಬಾಗಿಲಿಗೆ ಬರುವ ಸರಕೆಲ್ಲವೂ ಯಾವನೋ ಒಬ್ಬ ಚಾಲಕನ ನಿದ್ದೆಗೆಟ್ಟ ರಾತ್ರಿಯ ಫಲವಾಗಿರುವುದರಿಂದ, ಅವನ ವಿಷಯವನ್ನು ತುಸು ವಿವರವಾಗಿ ವಿಚಾರಿಸುವುದು ಅಪ್ರಸ್ತುತವಾಗಲಾರದು.

ವಿಜಯವಾಡವು ಲಾರಿಯವರ ಊರು. ಚೆನ್ನೈಯಿಂದ ಕೋಲ್ಕತ್ತಕ್ಕೆ ಹೋಗುವ ಹೆದ್ದಾರಿಯೂ ಪುಣೆಯಿಂದ ಮಚಲೀಪಟ್ಟಣಕ್ಕೆ ಬರುವ ಹೆದ್ದಾರಿಯೂ ಇಲ್ಲಿ ಸಂಧಿಸುತ್ತವೆ. ಎರಡನೆಯದು ನಮ್ಮ ಬೀದರ ಜಿಲ್ಲೆಯ ಹುಮನಾಬಾದನ್ನು ಹಾದು ಹೈದರಾಬಾದಿನ ಮಾರ್ಗವಾಗಿ ಬರುತ್ತದೆ. 1957ರಲ್ಲಿ ಪೂರ್ಣಗೊಂಡ ಪ್ರಕಾಶಂ ಬ್ಯಾರೇಜಿನ ಮೇಲಣ ಕಿರಿದಾದ ರಸ್ತೆಯೇ ಹಲವು ದಶಕಗಳ ಕಾಲ ಇಲ್ಲಿ ಕೃಷ್ಣೆಯನ್ನು ದಾಟುವ ಮಾರ್ಗವಾಗಿದ್ದಿತು. ಕನಕದುರ್ಗ ವಾರಧಿಯಾದ ಮೇಲೆ ಭಾರಿ ವಾಹನಗಳು ಅತ್ತ ಹೊರಳಿದವು. ಇತ್ತ ವಿಶಾಖಪಟ್ಟಣದಲ್ಲಿ 1933ರಲ್ಲಿ ತೆರೆದ ಬಂದರು, ಅನಂತರ ಬಂದ ಗೊಬ್ಬರದ ಕಾರ್ಖಾನೆ, ಉಕ್ಕಿನ ಕಾರ್ಖಾನೆ, 2009ರಲ್ಲಿ ಗಂಗವರಂ ಬಂದರು, ಹೀಗೆ ಒಂದಾದ ಮೇಲೊಂದು ಬಂದು ಲಾರಿಗಳಿಗೆ ಎಂದೂ ಮುಗಿಯದ ಹೊರೆಯನ್ನು ಒದಗಿಸಿವೆ. ಎರಡು ನಗರಗಳ ನಡುವಣ ದೂರ ಸುಮಾರು 350 ಕಿಲೋಮೀಟರು.

ಹಳೆಯ ಲಾರಿಯ ಕಷ್ಟವನ್ನು ಇಂದಿನವರಿಗೆ ಹೇಳಿದರೆ ನಂಬುವುದು ಕಠಿಣ. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯ ಸಹಯೋಗದಿಂದ ಜಮ್ಷೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿದರು. ಆ ಒಪ್ಪಂದ 1969ರಲ್ಲೇ ಮುಗಿದರೂ ಟಾಟಾ ಲಾರಿಯನ್ನು 'ಬೆಂಜ್' ಎಂದು ಕರೆಯುವ ರೂಢಿ ಬಹುಕಾಲ ಉಳಿಯಿತು. ವಿಜಯವಾಡದಲ್ಲಂತೂ ಆ ಹೆಸರಿನ ವೃತ್ತವೇ ಒಂದಿದೆ. ಕೊಳ್ಳುವವನು ಕಂಪೆನಿಯಿಂದ ಎಂಜಿನ್ನು, ಚಾಸಿಗಳನ್ನು ಮಾತ್ರ ಪಡೆಯುತ್ತಿದ್ದನು. ಕ್ಯಾಬಿನ್ನು, ತೊಟ್ಟಿಗಳನ್ನೆಲ್ಲ ಬಾಡಿ ಕಟ್ಟುವವರು ಕಟ್ಟಿಕೊಡಬೇಕು. 1960ರ ದಶಕದಲ್ಲಿ ತಲೆಯೆತ್ತಿದ ಇಲ್ಲಿಯ ಆಟೋನಗರವು ಈ ಕಸುಬಿನಿಂದಲೇ ದೇಶದಲ್ಲೆಲ್ಲ ಹೆಸರಾಯಿತು. ಬಡಗಿ ಮರದ ಚೌಕಟ್ಟನ್ನು ಕೂಡಿಸುವನು, ಕಮ್ಮಾರ ತಗಡು ಹೊದಿಸುವನು, ಪೇಂಟರು ಹಿಂಬದಿಯಲ್ಲಿ ನವಿಲನ್ನೋ ತಾವರೆಯನ್ನೋ ಬರೆಯುವನು. ನೋಟಕ್ಕೆ ಅಂದವೇ ಸರಿ. ಒಳಗೆ ಕುಳಿತವನ ಪಾಡೇ ಬೇರೆ. ಎಂಜಿನ್ನಿನ ಕಾವು ನೇರವಾಗಿ ಕಾಲಿಗೆ ತಾಗುವುದು. ಪವರ್ ಸ್ಟಿಯರಿಂಗ್ ಇಲ್ಲದ ಚಕ್ರವನ್ನು ತಿರುಗಿಸಿ ತಿರುಗಿಸಿ ಹೆಗಲು ಬೀಳುವುದು. ಮೇ ತಿಂಗಳಿನಲ್ಲಿ ಬೆಜವಾಡದ ಬಿಸಿಲು ಎಂಥದೆಂಬುದನ್ನು ವಾಚಕರಿಗೆ ನಾವು ವರ್ಣಿಸಬೇಕಾಗಿಲ್ಲ.

ಅಂಥ ಬಿಸಿಲಿನಲ್ಲಿಯೂ ಆ ಕ್ಯಾಬಿನ್ನಿನಲ್ಲಿ ಇಬ್ಬರಿರುತ್ತಿದ್ದರು. ಒಬ್ಬ ಚಾಲಕ, ಇನ್ನೊಬ್ಬ ಕ್ಲೀನರ್. ಕ್ಲೀನರ್ ಎಂದರೆ ಗಾಜು ಒರೆಸುವ ಹುಡುಗನೆಂದು ತಿಳಿದವರು ಲಾರಿಯ ಸಂಸಾರವನ್ನು ಕಂಡವರಲ್ಲ. ಕಬ್ಬಿಣದ ಸರಳಿನಿಂದ ಟೈರುಗಳನ್ನು ಬಡಿದು ಸದ್ದಿನಿಂದಲೇ ಗಾಳಿಯನ್ನು ಅಳೆಯುವವನು ಅವನು; ಏರಿನಲ್ಲಿ ನಿಂತಾಗ ಚಕ್ರಕ್ಕೆ ಮರದ ತುಂಡನ್ನು ಕೊಡುವವನು, ಮಳೆಗೆ ಟಾರ್ಪಾಲನ್ನು ಬಿಗಿಯುವವನು, ರಸ್ತೆಯ ಬದಿಯಲ್ಲಿ ಸ್ಟೌ ಹೊತ್ತಿಸಿ ಅನ್ನಕ್ಕಿಡುವವನೂ ಅವನೇ. ಲಾರಿಯನ್ನು ಹಿಂದಕ್ಕೆ ತೆಗೆಯುವಾಗ ಆಂಧ್ರದ ಹುಡುಗನು 'ರಾನೀ, ರಾನೀ' ಎನ್ನುವನು, ನಮ್ಮ ಕಡೆಯವನು 'ಬರ್ಲಿ, ಬರ್ಲಿ' ಎನ್ನುವನು. ಯಾವ ಊರಿನ ಲಾರಿಯೆಂಬುದು ನಂಬರು ನೋಡದೆಯೇ ತಿಳಿಯುತ್ತಿದ್ದಿತು. ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿ ಎರಡು ಗಂಟೆಯ ಮೇಲೆ ಮಾತಾಡುತ್ತ ಚಾಲಕನ ಕಣ್ಣು ಮುಚ್ಚದಂತೆ ನೋಡಿಕೊಳ್ಳುವವನು ಅವನು. ಹೀಗೆ ನಾಲ್ಕಾರು ವರ್ಷ ಕಳೆದ ಮೇಲೆ, ಬೆಳಗಿನ ಜಾವದ ಖಾಲಿ ರಸ್ತೆಯಲ್ಲಿ ಒಂದಿಷ್ಟು ದೂರ ಅವನ ಕೈಗೆ ಚಕ್ರ ಬರುತ್ತಿದ್ದಿತು. ನಮ್ಮ ದೇಶದ ಲಾರಿ ಚಾಲಕರಲ್ಲಿ ಹೆಚ್ಚಿನವರು ಕಲಿತ ಪಾಠಶಾಲೆ ಇದೇ.

ಈ ಲೇಖಕನು ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ಅನೇಕ ವರ್ಷ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು. ಹೋಟೆಲಿನವನ ಕಣ್ಣು ಎಲೆಯ ಲೆಕ್ಕದ ಮೇಲೆ ಇರುತ್ತದೆ. ಒಂದು ಲಾರಿ ನಿಂತರೆ ಎರಡು ಊಟ ಎಂಬುದು ನಮ್ಮ ಲೆಕ್ಕವಾಗಿದ್ದಿತು. ವರ್ಷಗಳು ಕಳೆದಂತೆ ಲಾರಿಗಳು ದೊಡ್ಡವಾದವು, ಆರು ಚಕ್ರದ್ದು ಹತ್ತಾಯಿತು, ಹದಿನಾಲ್ಕಾಯಿತು. ಊಟ ಮಾತ್ರ ಒಂದಕ್ಕೆ ಇಳಿಯಿತು. ರಾಯಚೂರಿನ ಕಡೆಯ ಹಳೆಯ ಗಿರಾಕಿಯೊಬ್ಬನು ಒಮ್ಮೆ ಒಬ್ಬನೇ ಬಂದಾಗ, ಹುಡುಗನೆಲ್ಲಿ ಎಂದು ಕೇಳಿದೆ. ‘ಹುಡುಗ ಊರಾಗ ಮೊಬೈಲ್ ಅಂಗಡಿ ಸೇರ್ಯಾನ್ರಿ ಸಾವಕಾರ್ರ, ಈ ಕೆಲಸಕ್ಕ ಯಾರ್ ಬರ್ತಾರ್ರಿ’ ಎಂದನು. ಎರಡನೆಯ ಸಲ ಸಾಂಬಾರು ಹಾಕಿಸಿಕೊಳ್ಳುವ ವ್ಯವಧಾನವೂ ಇರಲಿಲ್ಲ. ಲಾರಿಯ ಬಳಿ ಕಾವಲಿಗೆ ಯಾರೂ ಇಲ್ಲವೆಂದು ಅರ್ಧ ಊಟಕ್ಕೇ ಎದ್ದನು.

ಸುಧಾರಣೆಗಳನ್ನು ಅಲ್ಲಗಳೆಯುವುದು ನ್ಯಾಯವಲ್ಲ. ದೇಶದ ನಾಲ್ಕು ಮಹಾನಗರಗಳನ್ನು ಕೂಡಿಸುವ 5,846 ಕಿಲೋಮೀಟರಿನ ಸುವರ್ಣ ಚತುಷ್ಪಥ ಯೋಜನೆ 2012ರಲ್ಲಿ ಪೂರ್ಣಗೊಂಡಿತೆಂದು ಘೋಷಿತವಾಯಿತು. ನಮ್ಮ ಎರಡು ನಗರಗಳೂ ಅದರ ಮೇಲೆಯೇ ಇವೆ. ಹಿಂದೆ ಏಲೂರು, ತಣುಕು, ರಾವುಲಪಾಲೆಂ, ತುನಿ, ಅನಕಾಪಲ್ಲಿ ಎಂದು ಊರೂರಿನ ಪೇಟೆಯಲ್ಲಿ ಸಿಕ್ಕಿಕೊಂಡು ಹೋಗಬೇಕಾಗಿದ್ದ ಲಾರಿ ಈಗ ಏಳೆಂಟು ಗಂಟೆಗಳಲ್ಲಿ ಗಾಜುವಾಕಕ್ಕೆ ಮುಟ್ಟುತ್ತದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದು ರಾಜ್ಯ ರಾಜ್ಯಗಳ ಗಡಿಯ ಮಾರಾಟ ತೆರಿಗೆಯ ಚೆಕ್ ಪೋಸ್ಟುಗಳು ಮುಚ್ಚಿದವು. ಹಿಂದೆ ಒಂದು ರಶೀದಿಯಲ್ಲಿ ಒಂದಕ್ಷರ ತಪ್ಪಿದರೆ ಚಾಲಕನು ಗಡಿಯಲ್ಲಿ ಹಗಲು ರಾತ್ರಿ ಬಿದ್ದಿರಬೇಕಾಗುತ್ತಿದ್ದಿತು. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಗಿ ಟೋಲಿನ ಸಾಲೂ ಕುಗ್ಗಿತು.

ಆದರೆ ಹೀಗೆ ಉಳಿದ ಕಾಲ ಯಾರ ಪಾಲಾಯಿತು? ಚಾಲಕನಿಗೆ ಅದರಲ್ಲಿ ಒಂದು ಗಂಟೆಯ ನಿದ್ದೆಯೂ ದಕ್ಕಿತೆಂದು ಹೇಳಲಾರೆವು. ಲಾರಿ ಬೇಗ ಮುಟ್ಟಿದರೆ ಯಜಮಾನನು ಇನ್ನೊಂದು ಬಾಡಿಗೆ ಹಿಡಿಯುವನು. ಸಾಲದ ಕಂತು ಕಟ್ಟಬೇಕಾದ ಅವನನ್ನೂ ತೀರ ದೂಷಿಸಲಾಗದು. ಲಾರಿ ಎಲ್ಲಿ ನಿಂತಿದೆ, ಎಷ್ಟು ಹೊತ್ತು ನಿಂತಿದೆ ಎಂಬುದನ್ನು ಅವನು ತನ್ನ ಫೋನಿನಲ್ಲಿ ಕಾಣುವನು. ಹಿಂದೆ ಚಾಲಕನು ಅನ್ನವರಂ ಬೆಟ್ಟದ ಬುಡದಲ್ಲಿ ಲಾರಿ ನಿಲ್ಲಿಸಿ ಸತ್ಯನಾರಾಯಣ ಸ್ವಾಮಿಗೆ ಕೈಮುಗಿದು ಬಂದರೆ ಕೇಳುವವರಿರಲಿಲ್ಲ. ಈಗ ಕಾಲು ಗಂಟೆ ನಿಂತರೆ ಫೋನು ಮೊಳಗುತ್ತದೆ.

ಕಾನೂನು ಚಾಲಕನನ್ನು ಮರೆತಿತ್ತೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು ಕೆಲಸದ ಮಿತಿಯನ್ನು ಗೊತ್ತುಮಾಡಿದ್ದಿತು; ದೂರದ ಮಾರ್ಗಗಳಲ್ಲಿ ಅನುಮತಿ ಪಡೆದರೂ ದಿನಕ್ಕೆ ಹತ್ತು ಗಂಟೆಯನ್ನು ಮೀರುವಂತಿರಲಿಲ್ಲ. ಆ ಮಿತಿಗೊಳಪಟ್ಟು ವಿಶಾಖದಿಂದ ಬೆಂಗಳೂರಿಗೆ ಉಕ್ಕು ಸಾಗಿಸಿದ ಚಾಲಕನನ್ನು ನಾವಂತೂ ಕಂಡಿಲ್ಲ. ನ್ಯಾಷನಲ್ ಪರ್ಮಿಟಿನ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕೆಂಬ ಇನ್ನೊಂದು ನಿಯಮವಿದ್ದಿತು. ಕಾಗದದ ಮೇಲೆ ಇಬ್ಬರು, ಲಾರಿಯಲ್ಲಿ ಒಬ್ಬ ಎಂಬುದು ಎಲ್ಲರಿಗೂ ತಿಳಿದ ಸಂಗತಿಯೇ. 2018ರಲ್ಲಿ ಸರ್ಕಾರವು ಆ ನಿಯಮವನ್ನೇ ತೆಗೆದುಹಾಕಿತು. ಅದೇ ವರ್ಷ ಲಾರಿಗಳು ಹೊರಬಹುದಾದ ಭಾರದ ಮಿತಿಯನ್ನೂ ಏರಿಸಿ, ಅತಿ ದೊಡ್ಡ ಟ್ರೇಲರುಗಳಿಗಿದ್ದ 49 ಟನ್ನನ್ನು 55ಕ್ಕೆ ಒಯ್ಯಲಾಯಿತು. ಹೊರೆ ಹೆಚ್ಚಿತು, ಆಳು ಕಡಿಮೆಯಾಯಿತು.

ಒಬ್ಬನೇ ಇರುವುದರ ಕಷ್ಟ ವಿಪತ್ತಿನ ಕಾಲದಲ್ಲಿ ಕಣ್ಣಿಗೆ ಬೀಳುತ್ತದೆ. 2020ರ ಮಾರ್ಚ್‌ನಲ್ಲಿ ದೇಶವೆಲ್ಲ ಮುಚ್ಚಿದಾಗ ನಮ್ಮ ಹೋಟೆಲುಗಳೂ ಮುಚ್ಚಿದವು. ಸ್ಟೌ ಇದ್ದವನು ಉಂಡನು, ಇಲ್ಲದವನು ಬಿಸ್ಕತ್ತಿನಲ್ಲಿ ದಿನ ಕಳೆದನು. 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಅರ್ಧ ಭಾಗವನ್ನು ಮುಳುಗಿಸಿದಾಗ, ನಂದಿಗಾಮದ ಕಡೆ ಹೈದರಾಬಾದಿನ ಹೆದ್ದಾರಿಯ ಮೇಲೂ ನೀರು ನುಗ್ಗಿ ವಾಹನಗಳು ಸಾಲುಗಟ್ಟಿ ನಿಂತವು. ಇಬ್ಬರಿದ್ದರೆ ಒಬ್ಬನು ಲಾರಿ ಕಾಯುವನು, ಇನ್ನೊಬ್ಬನು ಅನ್ನ ತರುವನು. ಒಬ್ಬನೇ ಇದ್ದವನು ಡೀಸೆಲಿನ ಟ್ಯಾಂಕು, ಟೈರು, ಸರಕುಗಳನ್ನು ಬಿಟ್ಟು ಎಲ್ಲಿಗೆ ಹೋದಾನು?

ಅಪಘಾತದ ಭಯವೂ ಒಂಟಿತನದೊಡನೆ ಬೆಳೆದಿದೆ. ಡಿಕ್ಕಿ ಹೊಡೆದು ತಿಳಿಸದೆ ಓಡಿಹೋದ ಚಾಲಕನಿಗೆ ಹತ್ತು ವರ್ಷದವರೆಗೆ ಸೆರೆ ವಿಧಿಸುವ ಹೊಸ ನ್ಯಾಯ ಸಂಹಿತೆಯ ಕಲಮಿನ ವಿರುದ್ಧ 2024ರ ಜನವರಿಯ ಮೊದಲ ಎರಡು ದಿನ ದೇಶದ ಅನೇಕ ಕಡೆ ಚಾಲಕರು ಲಾರಿ ನಿಲ್ಲಿಸಿದರು. ಆ ವರ್ಷ ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಉಪಕಲಮನ್ನು ಮಾತ್ರ ತಡೆಹಿಡಿಯಲಾಯಿತು. ಓಡುವುದು ತಪ್ಪೇ. ಆದರೆ ರಾತ್ರಿಯ ಹೊತ್ತು ನೂರು ಜನ ಸುತ್ತುವರಿದಾಗ ತನ್ನ ಪರವಾಗಿ ಒಂದು ಮಾತಾಡಲು ಪಕ್ಕದಲ್ಲಿ ಯಾರೂ ಇಲ್ಲದವನು ಮೊದಲು ಜೀವ ಉಳಿಸಿಕೊಳ್ಳಲು ನೋಡುವುದು ಸಹಜವೆಂಬುದನ್ನು ಶಾಸನ ಮಾಡುವವರು ಗಮನಿಸಬೇಕು.

ಚಾಲಕರು ಸಿಕ್ಕುವುದಿಲ್ಲವೆಂದು ಲಾರಿ ಮಾಲೀಕರು ಈಗ ಎಲ್ಲೆಡೆ ಹಲುಬುತ್ತಿದ್ದಾರೆ. ಚಾಲಕನಾಗಲು ಎಂಟನೆಯ ತರಗತಿ ತೇರ್ಗಡೆಯಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದರೂ ಯುವಕರು ಮುಂದೆ ಬಂದಿಲ್ಲ. ಬರುವುದಾದರೂ ಹೇಗೆ? ಕ್ಲೀನರ್‌ಗಿರಿ ಎಂಬ ಮೆಟ್ಟಿಲನ್ನು ಕಿತ್ತ ಮೇಲೆ ಮಹಡಿ ಹತ್ತುವವರನ್ನು ಎಲ್ಲಿಂದ ತರುವುದು? ಡ್ರೈವಿಂಗ್ ಸ್ಕೂಲಿನಲ್ಲಿ ಕೆಲವು ವಾರ ಕಲಿತವನ ಕೈಗೆ 40 ಟನ್ನಿನ ಹೊರೆ ಕೊಡಲು ಯಾವ ಯಜಮಾನನಿಗೂ ಧೈರ್ಯವಿಲ್ಲ. ಹಳೆಯ ಪದ್ಧತಿಯಲ್ಲಿ ಹನ್ನೆರಡು ಹದಿಮೂರು ವರ್ಷದ ಬಾಲಕರನ್ನು ದುಡಿಸುತ್ತಿದ್ದ ಅನ್ಯಾಯವಿದ್ದಿತೆಂಬುದು ನಿಜ. ಅದು ಮರಳಬೇಕೆಂದು ಯಾರೂ ಹೇಳರು. ಹದಿನೆಂಟು ತುಂಬಿದ ಹುಡುಗನಿಗೆ ಸಂಬಳ ಕೊಟ್ಟು ಆ ಸೀಟಿನಲ್ಲಿ ಕೂರಿಸಲು ಬಾಡಿಗೆಯ ದರದಲ್ಲಿ ಅವಕಾಶವಿದೆಯೇ ಎಂಬುದನ್ನು ಮಾಲೀಕರ ಸಂಘಗಳೂ ಸರಕು ಕಳುಹಿಸುವ ಕಾರ್ಖಾನೆಗಳೂ ಕೂಡಿ ಕುಳಿತು ಲೆಕ್ಕ ಹಾಕಲಿ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಹೊಸ ಲಾರಿ ಕೊಂಡವರು ವಿಶಾಖಪಟ್ಟಣದ ಸಂಪತ್ ವಿನಾಯಕನ ಗುಡಿಯ ಮುಂದೆ ಪೂಜೆ ಮಾಡಿಸಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ತಣ್ಣನೆಯ ಕ್ಯಾಬಿನ್ನಿನಲ್ಲಿ ಹೊರಡುತ್ತಾರೆ. ಅದಕ್ಕಿಂತ ಹಳೆಯ ಲಾರಿಗಳೇ ರಸ್ತೆಯಲ್ಲಿ ಹೆಚ್ಚು. ಅವುಗಳ ಚಾಲಕರು ಸರಕು ತುಂಬುವ ಸರದಿಗಾಗಿ ಯಾರ್ಡುಗಳ ಹೊರಗೆ ಕಾಯುತ್ತ, ಲಾರಿಯ ಅಡಿಯ ನೆರಳಿನಲ್ಲಿ ಗೋಣಿ ಹಾಸಿಕೊಂಡು, ಹೆಸರು ಕೂಗಿದರೆ ಕೇಳಲೆಂದು ಒಂದು ಕಿವಿಯನ್ನು ತೆರೆದಿಟ್ಟು ಮಲಗಿರುತ್ತಾರೆ.