ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯ ಮತ್ತು ಪೂರ್ವದೇಶಗಳ ಕಲೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ರಾಜಧಾನಿಯಾದ ಬಾಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯವು 1870ರಲ್ಲಿ ಆ ರಾಜ್ಯದ ಶಾಸನಸಭೆ ಅಂಗೀಕರಿಸಿದ ಕಾಯ್ದೆಯ ಮೂಲಕ ಹುಟ್ಟಿಕೊಂಡು, ಮೊದಲ ಕೆಲವು ವರ್ಷ ಅಥೀನಿಯಂ ಎಂಬ ಖಾಸಗಿ ಗ್ರಂಥಾಲಯದ ಮೇಲಂತಸ್ತಿನಲ್ಲಿ ಆಶ್ರಯ ಪಡೆದು, 1876ರ ಜುಲೈ 4ರಂದು, ಅಂದರೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ನೂರು ವರ್ಷ ತುಂಬಿದ ದಿನ, ಕಾಪ್ಲಿ ಚೌಕದ ಸ್ವಂತ ಕಟ್ಟಡದಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆಯಿತು. ಇಂದು ಅಲ್ಲಿರುವ ಕೃತಿಗಳ ಸಂಖ್ಯೆ ಐದು ಲಕ್ಷಕ್ಕೆ ಹತ್ತಿರವಿದೆ. ಏಷ್ಯಾದ ಶಿಲ್ಪ ಮತ್ತು ಚಿತ್ರಗಳನ್ನು ಪಾಶ್ಚಾತ್ಯ ಸಂಗ್ರಹಾಲಯಗಳು ಬಹುಮಟ್ಟಿಗೆ ಪುರಾತತ್ತ್ವದ ಕುರುಹುಗಳೆಂದೋ ದೂರದೇಶದ ಕೌತುಕಗಳೆಂದೋ ಎಣಿಸುತ್ತಿದ್ದ ಕಾಲದಲ್ಲಿ, ಅವನ್ನು ಗ್ರೀಸ್ ಮತ್ತು ಇಟಲಿಯ ಕೃತಿಗಳ ಸಾಲಿನಲ್ಲಿ ಲಲಿತಕಲೆಯೆಂದೇ ಕೂಡಿಸಿಟ್ಟು ಅಭ್ಯಸಿಸಿದ ಸಂಸ್ಥೆಗಳಲ್ಲಿ ಇದು ಅಗ್ರಗಣ್ಯವಾಗಿರುವುದರಿಂದ, ಭಾರತೀಯ ಓದುಗರು ಇದರ ಚರಿತ್ರೆಯನ್ನು ತಿಳಿಯುವುದು ಅಗತ್ಯ.

ಆರಂಭದ ದಶಕಗಳಲ್ಲಿ ಈ ಸಂಗ್ರಹಾಲಯದ ಮುಖ್ಯ ಆಸ್ತಿಯೆಂದರೆ ಪ್ಲಾಸ್ಟರ್ ಪಡಿಯಚ್ಚುಗಳು. ಯುರೋಪಿನಲ್ಲಿದ್ದ ಪ್ರಸಿದ್ಧ ಗ್ರೀಕ್ ಮತ್ತು ರೋಮನ್ ಶಿಲ್ಪಗಳ ಮೇಲೆ ಅಚ್ಚು ತೆಗೆದು, ಆ ಅಚ್ಚಿಗೆ ಪ್ಲಾಸ್ಟರನ್ನು ಹೊಯ್ದು ಪಡೆದ ಈ ಪ್ರತಿರೂಪಗಳು ಕಲಾವಿದ್ಯಾರ್ಥಿಗಳಿಗೆ ಮಾದರಿಗಳಾಗಿ ಒದಗುತ್ತಿದ್ದವು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಸಂಗ್ರಹಾಲಯವೆಂಬುದು ಪಾಠಶಾಲೆಯೋ ಸೌಂದರ್ಯಾನುಭವದ ತಾಣವೋ ಎಂಬ ಪ್ರಶ್ನೆ ಅಲ್ಲಿ ಉಗ್ರ ವಾದಕ್ಕೆ ತಿರುಗಿತು. ಪಡಿಯಚ್ಚುಗಳ ಪರವಾಗಿ ನಿಂತ ನಿರ್ದೇಶಕ ಎಡ್ವರ್ಡ್ ರಾಬಿನ್ಸನ್ 1905ರಲ್ಲಿ ರಾಜೀನಾಮೆ ಕೊಟ್ಟು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ಹೊರಟುಹೋದರು. 1909ರಲ್ಲಿ ವಾಸ್ತುಶಿಲ್ಪಿ ಗೈ ಲೊವೆಲ್ ವಿನ್ಯಾಸಗೊಳಿಸಿದ, ಹಂಟಿಂಗ್ಟನ್ ಅವೆನ್ಯೂದ ಗ್ರಾನೈಟ್ ಕಟ್ಟಡಕ್ಕೆ ಸಂಗ್ರಹಾಲಯ ಸ್ಥಳಾಂತರಗೊಂಡಾಗ ಮೂಲಕೃತಿಗಳಿಗೇ ಪ್ರಾಶಸ್ತ್ಯ ಸಿಕ್ಕಿತು. ಈಗಲೂ ಸಂಸ್ಥೆಯ ಮುಖ್ಯದ್ವಾರವಿರುವುದು ಆ ಕಟ್ಟಡದಲ್ಲೇ.

ಮೂಲಕೃತಿಗಳ ದೊಡ್ಡ ಪ್ರವಾಹ ಬಂದದ್ದು ಜಪಾನಿನಿಂದ, ಅದೂ ಯಾರೂ ನಿರೀಕ್ಷಿಸದ ದಾರಿಯಲ್ಲಿ. ಎಡ್ವರ್ಡ್ ಮೋರ್ಸ್ ಎಂಬ ಪ್ರಾಣಿಶಾಸ್ತ್ರಜ್ಞರು ಬ್ರಾಕಿಯೊಪಾಡ್ ಎಂಬ ಚಿಪ್ಪುಜೀವಿಗಳನ್ನು ಅಭ್ಯಸಿಸಲು 1877ರಲ್ಲಿ ಜಪಾನಿಗೆ ಹೋದವರು, ಅಲ್ಲಿನ ಮಣ್ಣಿನ ಪಾತ್ರೆಗಳಿಗೆ ಮನಸೋತು ಸಾವಿರಗಟ್ಟಲೆ ಪಾತ್ರೆಗಳನ್ನು ಸಂಗ್ರಹಿಸಿದರು. ಅವರ ಬೆನ್ನಿಗೇ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಲು ಹೋದ ಅರ್ನೆಸ್ಟ್ ಫೆನೊಲೊಸಾ ಅಲ್ಲಿನ ಚಿತ್ರಕಲೆಯ ಮೊದಲ ಪಾಶ್ಚಾತ್ಯ ವಿದ್ವಾಂಸರಲ್ಲಿ ಒಬ್ಬರಾದರು. 1882ರಲ್ಲಿ ಹೊರಟ ವಿಲಿಯಂ ಸ್ಟರ್ಜಿಸ್ ಬಿಗೆಲೊ ಎಂಬ ವೈದ್ಯರು ಏಳು ವರ್ಷ ಅಲ್ಲೇ ನೆಲೆಸಿ ಬೌದ್ಧರಾದರು. ಮೇಜಿ ಆಳ್ವಿಕೆಯ ಆ ಕಾಲದಲ್ಲಿ ಜಪಾನು ಪಶ್ಚಿಮದ ಕಡೆಗೆ ಮುಖ ತಿರುಗಿಸಿ, ಬೌದ್ಧ ದೇಗುಲಗಳು ಆಶ್ರಯ ಕಳೆದುಕೊಂಡು, ಹಳೆಯ ಮನೆತನಗಳು ಬಡವಾಗಿ, ಶತಮಾನಗಳ ಕೃತಿಗಳು ಮಾರುಕಟ್ಟೆಗೆ ಬಿದ್ದಿದ್ದವು. ಈ ಮೂವರೂ ಸೇರಿಸಿದ ಸಂಪತ್ತು ಖರೀದಿ ಮತ್ತು ದಾನಗಳ ರೂಪದಲ್ಲಿ ಬಾಸ್ಟನ್ನಿಗೆ ಬಂತು. ಫೆನೊಲೊಸಾ ಮತ್ತು ಬಿಗೆಲೊ ಇಬ್ಬರ ಚಿತಾಭಸ್ಮವೂ ಬಿವಾ ಸರೋವರದ ಬಳಿಯ ಮಿಇದೆರಾ ಎಂಬ ಬೌದ್ಧ ಕ್ಷೇತ್ರವನ್ನು ಸೇರಿತೆಂಬುದರಿಂದ, ಅವರ ಒಲವು ಬರಿಯ ಸಂಗ್ರಾಹಕನ ಹಂಬಲವಾಗಿರಲಿಲ್ಲವೆಂದು ಹೇಳಬಹುದು.

ಫೆನೊಲೊಸಾ ತಂದ ಕೃತಿಗಳಲ್ಲಿ ಒಂದನ್ನಾದರೂ ಹತ್ತಿರದಿಂದ ನೋಡಬೇಕು. ಅದು ಹದಿಮೂರನೆಯ ಶತಮಾನದ ಒಂದು ಎಮಾಕಿ, ಅಂದರೆ ಕೈಯಲ್ಲಿ ಸ್ವಲ್ಪಸ್ವಲ್ಪವಾಗಿ ಬಿಚ್ಚುತ್ತ, ಬಲದಿಂದ ಎಡಕ್ಕೆ ನೋಡಬೇಕಾದ ಕಾಗದದ ಚಿತ್ರಸುರುಳಿ. ಹನ್ನೆರಡನೆಯ ಶತಮಾನದ ಹೇಜಿ ದಂಗೆಯಲ್ಲಿ ಕ್ಯೋಟೋದ ಸಾಂಜೊ ಅರಮನೆಗೆ ರಾತ್ರಿ ಬೆಂಕಿಯಿಟ್ಟು, ಪದತ್ಯಾಗ ಮಾಡಿದ್ದ ಚಕ್ರವರ್ತಿಯನ್ನು ಹೊತ್ತೊಯ್ದ ಪ್ರಸಂಗ ಅದರ ವಸ್ತು. ಅಗಲ ಮೊಳಕ್ಕಿಂತಲೂ ಕಡಿಮೆ, ಉದ್ದ ಸುಮಾರು 7 ಮೀಟರ್. ಬಲತುದಿಯಲ್ಲಿ ಸುದ್ದಿ ಕೇಳಿ ಧಾವಿಸುವ ಎತ್ತಿನ ಗಾಡಿಗಳು ಒಂದಕ್ಕೊಂದು ಸಿಕ್ಕಿಕೊಂಡು ಜನರ ಮೇಲೇ ಉರುಳುತ್ತವೆ. ನಡುವೆ ಕೆನ್ನಾಲಿಗೆಗಳೂ ಕಪ್ಪು ಹೊಗೆಯೂ ಮಾಡಿನ ಸಾಲುಗಳನ್ನು ನುಂಗುತ್ತಿರುವಾಗ ಅಂತಃಪುರದ ಹೆಂಗಸರು ಕುದುರೆಗಳ ಕಾಲ್ತುಳಿತಕ್ಕೆ ಸಿಕ್ಕಿ, ಕೆಲವರು ಬಾವಿಗೆ ಬಿದ್ದು ಸಾಯುತ್ತಾರೆ. ಎಡಕ್ಕೆ ಹೋದಂತೆ ಗುಂಪು ತೆಳುವಾಗುತ್ತ, ಚಕ್ರವರ್ತಿಯ ಗಾಡಿಯನ್ನು ಸುತ್ತುವರಿದ ಸೈನಿಕರ ಮೆರವಣಿಗೆ ಬಿಡಿ ಸವಾರರಲ್ಲಿ ಮುಗಿಯುತ್ತದೆ. ಗಲಭೆಯ ಇಷ್ಟೆಲ್ಲ ಆಕೃತಿಗಳನ್ನು ಇಷ್ಟು ಕಿರಿದಾದ ಪಟ್ಟಿಯಲ್ಲಿ, ಒಂದು ಮುಖವೂ ಇನ್ನೊಂದರಲ್ಲಿ ಕಲಸಿಹೋಗದಂತೆ ನಡೆಸಿಕೊಂಡು ಹೋದ ಯುದ್ಧಚಿತ್ರ ಜಗತ್ತಿನಲ್ಲಿ ವಿರಳ. ಇಂಥ ಕೃತಿಗಳು ದೇಶ ಬಿಟ್ಟು ಹೋದ ನೋವು ಜಪಾನನ್ನು ಕಾಡಿದ್ದು ಸಹಜ. 1932ರಲ್ಲಿ ಬಾಸ್ಟನ್ ಸಂಗ್ರಹಾಲಯವು ಕಿಬಿ ಎಂಬ ಮಂತ್ರಿಯ ಚೀನಾ ಯಾತ್ರೆಯನ್ನು ಚಿತ್ರಿಸಿದ ಮತ್ತೊಂದು ಪ್ರಾಚೀನ ಸುರುಳಿಯನ್ನು ಕೊಂಡಾಗ ಅಲ್ಲಿ ಎದ್ದ ಆಕ್ರೋಶದಿಂದಲೇ ಮರುವರ್ಷ ಕಲಾಕೃತಿಗಳ ರಫ್ತನ್ನು ತಡೆಯುವ ಕಾನೂನು ಜಾರಿಗೆ ಬಂತು.

1904ರಲ್ಲಿ ಸಂಗ್ರಹಾಲಯವನ್ನು ಸೇರಿದ ಜಪಾನಿ ವಿದ್ವಾಂಸ ಒಕಾಕುರಾ ಕಾಕುಜೊ ಅಲ್ಲಿನ ಪೂರ್ವದೇಶಗಳ ಕಲೆಯ ವಿಭಾಗಕ್ಕೆ ಏಷ್ಯಾದವರದೇ ವಿದ್ವತ್ತನ್ನು ತಂದರು. ಭಾರತಕ್ಕೆ ಬಂದು ವಿವೇಕಾನಂದರನ್ನೂ ಠಾಕೂರರ ಮನೆತನದವರನ್ನೂ ಕಂಡಿದ್ದ ಒಕಾಕುರಾ 1913ರಲ್ಲಿ ತೀರಿಕೊಂಡ ನಾಲ್ಕು ವರ್ಷಕ್ಕೆ, ಸಂಗ್ರಹಾಲಯದ ಧರ್ಮದರ್ಶಿಗಳಲ್ಲಿ ಒಬ್ಬರಾಗಿದ್ದ ಡೆನ್ಮನ್ ರಾಸ್ ಅವರು ಆನಂದ ಕುಮಾರಸ್ವಾಮಿಯವರ ಭಾರತೀಯ ಕಲಾಸಂಗ್ರಹವನ್ನು ಕೊಂಡು ದಾನ ಮಾಡಿದರು. ಸಂಗ್ರಹದ ಜೊತೆಗೆ ಅದರ ಪಾಲಕರಾಗಿ ಕುಮಾರಸ್ವಾಮಿಯವರೂ ಬಾಸ್ಟನ್ನಿಗೆ ಬಂದರು. ಕೊಲಂಬೊದಲ್ಲಿ 1877ರಲ್ಲಿ ತಮಿಳು ತಂದೆ ಮತ್ತು ಇಂಗ್ಲಿಷ್ ತಾಯಿಗೆ ಹುಟ್ಟಿ, ಭೂವಿಜ್ಞಾನಿಯಾಗಿ ಸಿಂಹಳದ ಖನಿಜ ಸಮೀಕ್ಷೆಯನ್ನು ನಡೆಸಿ, ಹಳ್ಳಿಯ ಕುಶಲಕರ್ಮಿಗಳ ಕಸುಬು ವಸಾಹತು ಆಡಳಿತದಲ್ಲಿ ಅಳಿಯುತ್ತಿರುವುದನ್ನು ಕಂಡು ಕಲೆಯ ಅಧ್ಯಯನಕ್ಕೆ ಹೊರಳಿದ ಈ ಮಹನೀಯರು, 1947ರಲ್ಲಿ ಕಣ್ಣು ಮುಚ್ಚುವವರೆಗೂ ಮೂವತ್ತು ವರ್ಷ ಅಲ್ಲಿಯೇ ದುಡಿದರು. ಕನ್ನಡದ ಕಲಾಚರಿತ್ರೆಗೂ ಅವರಿಗೂ ಒಂದು ಎಳೆಯ ನಂಟಿದೆ: ಮೈಸೂರು ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ಕೆ. ವೆಂಕಟಪ್ಪನವರು, ಸೋದರಿ ನಿವೇದಿತಾ ಆರಂಭಿಸಿ ಕುಮಾರಸ್ವಾಮಿಯವರು ಪೂರ್ಣಗೊಳಿಸಿದ ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಗ್ರಂಥಕ್ಕೆ ನಂದಲಾಲ್ ಬೋಸ್ ಮೊದಲಾದವರ ಜೊತೆ ಚಿತ್ರ ಬರೆದಿದ್ದರು.

ಕುಮಾರಸ್ವಾಮಿಯವರು ತಂದ ಸಂಗ್ರಹದ ತಿರುಳು ರಜಪೂತ ಚಿತ್ರಗಳು. ಭಾರತದ ಕಿರುಚಿತ್ರಗಳನ್ನೆಲ್ಲ ಮೊಗಲರ ಶೈಲಿಯೆಂದೇ ಕರೆಯುತ್ತಿದ್ದ ಕಾಲದಲ್ಲಿ, ರಾಜಸ್ಥಾನದ ಮತ್ತು ಹಿಮಾಲಯದ ತಪ್ಪಲಿನ ಪಹಾಡಿ ಸಂಸ್ಥಾನಗಳ ಚಿತ್ರಕಲೆ ಬೇರೆಯೇ ಒಂದು ಪರಂಪರೆಯೆಂದು 1916ರ ತಮ್ಮ ಗ್ರಂಥದಲ್ಲಿ ಅವರು ತೋರಿಸಿಕೊಟ್ಟರು. ರಾಗವೊಂದರ ಭಾವವನ್ನು ನಾಯಕ ಅಥವಾ ನಾಯಿಕೆಯ ರೂಪದಲ್ಲಿ ಬರೆದ ರಾಗಮಾಲಾ ಚಿತ್ರಗಳು ಈ ಸಂಗ್ರಹದಲ್ಲಿವೆ. ಶಿಲ್ಪಗಳಲ್ಲಿ ಕ್ರಿಸ್ತಶಕದ ಆರಂಭದ ಹೊತ್ತಿನ ಸಾಂಚಿಯ ಯಕ್ಷಿಯೂ ಎಂಟನೆಯ ಶತಮಾನದ ಪಲ್ಲವರ ಮಹಿಷಮರ್ದಿನಿಯೂ ರಾಸ್ ಅವರ ಕೊಡುಗೆಗಳು. ತಲೆ ಮತ್ತು ತೋಳುಗಳು ಮುರಿದುಹೋಗಿ, ಸೊಂಟದ ಡಾಬನ್ನು ಉಳಿಸಿಕೊಂಡಿರುವ ಆ ಯಕ್ಷಿಯ ಮರಳುಗಲ್ಲಿನ ಮೈಯಲ್ಲಿ ಬಳುಕು ಇನ್ನೂ ಹಾಗೆಯೇ ನಿಂತಿದೆ.

ಇಂಥ ಕೃತಿಗಳ ನಡುವೆಯೇ ಬದುಕಿದ ಕುಮಾರಸ್ವಾಮಿಯವರು ಸಂಗ್ರಹಾಲಯವೆಂಬ ಕಲ್ಪನೆಯನ್ನೇ ಪ್ರಶ್ನಿಸಿದರು. ಅಲ್ಲಿರುವ ಯಾವ ಪ್ರಾಚೀನ ವಸ್ತುವೂ ಗಾಜಿನ ಪೆಟ್ಟಿಗೆಗಾಗಿ ಹುಟ್ಟಿದ್ದಲ್ಲ, ಪೂಜೆಗೋ ಊಟಕ್ಕೋ ಉಡುಗೆಗೋ ಹುಟ್ಟಿದ್ದು. ಆ ಬಳಕೆಯನ್ನೂ ಅದರ ಹಿಂದಿನ ಅರ್ಥವನ್ನೂ ತಿಳಿಸದೆ ಚೆಲುವನ್ನಷ್ಟೇ ತೋರಿಸಿದರೆ ಕಲೆಯ ಅರ್ಧವನ್ನು ಮರೆಮಾಚಿದಂತೆ ಎಂಬುದು 1943ರಲ್ಲಿ ಪುಸ್ತಕವಾಗಿ ಬಂದ ಅವರ ಪ್ರಬಂಧಗಳ ನಿಲುವು. ಪಡಿಯಚ್ಚುಗಳ ವಾದಕ್ಕೆ ಇದಕ್ಕಿಂತ ಆಳವಾದ ಉತ್ತರ ಆ ಸಂಸ್ಥೆಯಲ್ಲಿ ಯಾರಿಂದಲೂ ಬರಲಿಲ್ಲ.

ಏಷ್ಯಾದ ಕಲೆಯಷ್ಟೇ ಅಲ್ಲ, ಈ ಸಂಗ್ರಹಾಲಯದಲ್ಲಿ ಬೇರೆ ವಿಭಾಗಗಳೂ ಇವೆ. ಈಜಿಪ್ಟ್ ವಿಭಾಗವು ಹಾರ್ವರ್ಡ್ ವಿಶ್ವವಿದ್ಯಾಲಯದೊಡನೆ 1905ರಿಂದ ನಡೆಸಿದ ಉತ್ಖನನದ ಫಲ. ಸಿಕ್ಕಿದ್ದನ್ನು ಈಜಿಪ್ಟ್ ಸರ್ಕಾರವೂ ಉತ್ಖನಕರೂ ಹಂಚಿಕೊಳ್ಳುವ ಅಂದಿನ ಪದ್ಧತಿಯಂತೆ, ಜಾರ್ಜ್ ರೈಸ್ನರ್ ಅವರು 1910ರಲ್ಲಿ ಗೀಜಾದಲ್ಲಿ ಕಂಡ ಮೆಂಕೌರೆ ದೊರೆ ಮತ್ತು ರಾಣಿಯ ಜೋಡಿ ಶಿಲ್ಪ ಬಾಸ್ಟನ್ನಿನ ಪಾಲಿಗೆ ಬಂತು. ಇಬ್ಬರೂ ಎಡಗಾಲನ್ನು ಮುಂದಿಟ್ಟು ನಿಂತಿದ್ದಾರೆ. ರಾಣಿಯ ಒಂದು ತೋಳು ದೊರೆಯನ್ನು ಬಳಸಿದೆ. ಶಿಲ್ಪದ ಕೆಳಭಾಗಕ್ಕೆ ಕೊನೆಯ ಹೊಳಪು ಕೊಡದೆ ಬಿಟ್ಟಿರುವುದರಿಂದ ಕುಶಲಕರ್ಮಿಯ ಕೆಲಸದ ಹಂತ ಇಂದಿಗೂ ಕಣ್ಣಿಗೆ ಕಾಣುತ್ತದೆ.

ಯುರೋಪಿನ ಚಿತ್ರಗಳಲ್ಲಿ ಮೋನೆಯ ಮೂವತ್ತಕ್ಕೂ ಹೆಚ್ಚು ಕೃತಿಗಳೂ, ಗುಲಾಮರನ್ನು ಸಮುದ್ರಕ್ಕೆ ಎಸೆದ ಹಡಗನ್ನು ಕುರಿತ ಟರ್ನರನ 1840ರ ಚಿತ್ರವೂ ಇವೆ. ಗೋಗ್ಯಾಂ ತಾಹಿತಿ ದ್ವೀಪದಲ್ಲಿ 1897 ಮತ್ತು 1898ರಲ್ಲಿ ಬರೆದ, ಮನುಷ್ಯ ಎಲ್ಲಿಂದ ಬಂದ, ಯಾರು, ಎತ್ತ ಹೊರಟ ಎಂದು ಕೇಳುವ ಬೃಹತ್ ಚಿತ್ರವು ಬಲತುದಿಯ ಹಸುಗೂಸಿನಿಂದ ಎಡತುದಿಯ ಮುದುಕಿಯವರೆಗೆ, ಜಪಾನಿನ ಆ ಸುರುಳಿಯಂತೆಯೇ, ಬಲದಿಂದ ಎಡಕ್ಕೆ ಸಾಗುತ್ತದೆ. ಅಮೆರಿಕದ ಕಲೆಗೆ ನಾರ್ಮನ್ ಫಾಸ್ಟರ್ ಅವರ ಸಂಸ್ಥೆ ವಿನ್ಯಾಸಗೊಳಿಸಿದ ಪ್ರತ್ಯೇಕ ವಿಭಾಗ 2010ರಲ್ಲಿ ತೆರೆಯಿತು. ಬ್ರಿಟಿಷ್ ದೊರೆಯ ಆಡಳಿತಕ್ಕೆ ಮಣಿಯದ 92 ಶಾಸನಸಭಾ ಸದಸ್ಯರ ಗೌರವಾರ್ಥ ಪಾಲ್ ರಿವೀರ್ 1768ರಲ್ಲಿ ಮಾಡಿದ ಬೆಳ್ಳಿಯ ಬಟ್ಟಲು ಅಲ್ಲಿದೆ. ಅದನ್ನು 1949ರಲ್ಲಿ ಕೊಳ್ಳಲು ಶಾಲಾಮಕ್ಕಳೂ ಪುಡಿಗಾಸು ಕೊಟ್ಟಿದ್ದರು.

ವಸ್ತುಗಳು ಬಂದ ದಾರಿಯ ವಿಚಾರಣೆ ಇಂದು ಸಂಗ್ರಹಾಲಯದ ನಿತ್ಯದ ಕೆಲಸಗಳಲ್ಲಿ ಒಂದಾಗಿದ್ದು, ಪ್ರತಿ ಕೃತಿಯ ಹಿಂದಿನ ಒಡೆಯರ ಪರಂಪರೆಯನ್ನು ಪತ್ತೆಹಚ್ಚುವ ಈ ಶೋಧ ಆಗಾಗ ಸಂಸ್ಥೆಗೆ ಅನನುಕೂಲವಾದ ಸತ್ಯಗಳನ್ನೂ ಹೊರತಂದಿದೆ. ಇಟಲಿಗೆ 2006ರಲ್ಲಿ 13 ಪ್ರಾಚೀನ ವಸ್ತುಗಳು ಹಿಂದಿರುಗಿದವು. 1981ರಲ್ಲಿ ಪಾಲುಗಾರಿಕೆಯಲ್ಲಿ ಕೊಂಡಿದ್ದ, ದಣಿದು ನಿಂತ ಹೆರಾಕ್ಲಿಸನ ಅಮೃತಶಿಲೆಯ ಮೇಲರ್ಧವು ಟರ್ಕಿಯ ಪೆರ್ಗೆಯಲ್ಲಿ ಉತ್ಖನನದಿಂದ ಸಿಕ್ಕ ಕೆಳಭಾಗಕ್ಕೆ ಕೂಡಿಬರುತ್ತದೆಂಬುದು ಖಚಿತವಾದ ಮೇಲೆ, ದೀರ್ಘ ಕಾಲದ ಮಾತುಕತೆ ನಡೆದು, 2011ರಲ್ಲಿ ಬಾಸ್ಟನ್ ಅದನ್ನು ಒಪ್ಪಿಸಿತು. ಎರಡೂ ಭಾಗಗಳನ್ನು ಅಂತಾಲ್ಯದ ಸಂಗ್ರಹಾಲಯದಲ್ಲಿ ಜೋಡಿಸಿ ನಿಲ್ಲಿಸಲಾಯಿತು.