ಪಾಸ್‌ಪುಸ್ತಕ ಯಾರ ಕೈಯಲ್ಲಿರಬೇಕು?

ತುಮಕೂರು ನಗರದಲ್ಲಾಗಲಿ, ಗುಬ್ಬಿ, ಕುಣಿಗಲ್ ಪಟ್ಟಣಗಳಲ್ಲಾಗಲಿ ಇಂದು ಅನೇಕ ಕಥೋಲಿಕ ಮನೆಗಳಲ್ಲಿ ಉಳಿದಿರುವವರು ವೃದ್ಧ ದಂಪತಿಗಳು, ಇಲ್ಲವೇ ಒಬ್ಬಂಟಿ ತಾಯಿ. ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ನೆಲೆಸಿದ್ದಾರೆ. ತಂದೆ ತುಮಕೂರಿನ ಎಚ್.ಎಂ.ಟಿ. ಕೈಗಡಿಯಾರ ಕಾರ್ಖಾನೆಯಲ್ಲಿ ದುಡಿದವರಿರಬಹುದು, ತಾಯಿ ಶಿಕ್ಷಕಿಯೋ ದಾದಿಯೋ ಆಗಿದ್ದವರಿರಬಹುದು. ತೆಂಗು, ಅಡಿಕೆ ನಂಬಿ ಬದುಕಿದವರೂ ಉಂಟು. ಜೀವಮಾನದ ಉಳಿತಾಯ ಬ್ಯಾಂಕಿನಲ್ಲಿದೆ. ಆ ಬ್ಯಾಂಕಿನ ಬಾಗಿಲು ಈಗ ಅವರ ಕೈಯಲ್ಲಿನ ಮೊಬೈಲಿನಲ್ಲಿದೆ.

ಇಂತಹ ಮನೆಗೆ ಸಂದೇಶವೊಂದು ಬರುತ್ತದೆ: ಕಳೆದ ತಿಂಗಳ ವಿದ್ಯುತ್ ಬಿಲ್ಲು ದಾಖಲಾಗಿಲ್ಲ, ಇಂದು ರಾತ್ರಿ ಸಂಪರ್ಕ ಕಡಿತಗೊಳ್ಳುವುದು, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ. ಕರೆ ಮಾಡಿದವರಿಗೆ ಯಾವುದೋ ಆ್ಯಪ್ ಒಂದನ್ನು ಹಾಕಿಕೊಳ್ಳಲು ಹೇಳುತ್ತಾರೆ. ಅದರ ಮೂಲಕ ನಮ್ಮ ಮೊಬೈಲಿನ ಪರದೆ ಅತ್ತಲಿನವನಿಗೆ ಕಾಣತೊಡಗುತ್ತದೆ. ಬ್ಯಾಂಕಿನಿಂದ ಬರುವ ಒ.ಟಿ.ಪಿ.ಯನ್ನು ನಾವು ಹೇಳಬೇಕಾಗಿಯೂ ಇಲ್ಲ, ಅವನೇ ಓದಿಕೊಳ್ಳುತ್ತಾನೆ. ಮುಗ್ಧರಷ್ಟೇ ಮೋಸಹೋಗುತ್ತಾರೆಂಬುದು ಸರಿಯಲ್ಲ. ಬಿಲ್ಲನ್ನು ಒಂದು ದಿನವೂ ತಡಮಾಡದೆ ಕಟ್ಟಿ ಬಾಳಿದ ಮರ್ಯಾದಸ್ಥರೇ ಇಂತಹ ಮಾತಿಗೆ ಬೇಗ ಗಾಬರಿಗೊಳ್ಳುವವರು.

ಇದಕ್ಕಿಂತ ಕ್ರೂರವಾದುದು 'ಡಿಜಿಟಲ್ ಅರೆಸ್ಟ್' ಎಂಬ ವಂಚನೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್‌ನಿಂದ ಪಡೆದ ಸಿಮ್ ಅಪರಾಧಕ್ಕೆ ಬಳಕೆಯಾಗಿದೆ ಎಂದು ಹೆದರಿಸಿ, ಪೊಲೀಸ್ ಸಮವಸ್ತ್ರ ತೊಟ್ಟವನೊಬ್ಬ ವಿಡಿಯೋ ಕರೆಯಲ್ಲಿ ಪ್ರತ್ಯಕ್ಷನಾಗುತ್ತಾನೆ. ಸಿ.ಬಿ.ಐ.ನದೋ ನ್ಯಾಯಾಲಯದ್ದೋ ಮೊಹರುಳ್ಳ ಕೃತಕ ಕಾಗದ ತೋರಿಸುತ್ತಾನೆ. ಹಣವನ್ನು 'ಪರಿಶೀಲನೆ'ಗಾಗಿ ವರ್ಗಾಯಿಸಬೇಕು, ಯಾರೊಡನೆಯೂ ಮಾತನಾಡಕೂಡದು ಎನ್ನುತ್ತಾನೆ. ನಮ್ಮ ಕಾನೂನಿನಲ್ಲಿ ಇಂತಹ ಬಂಧನವೇ ಇಲ್ಲ. 2024ರ ಅಕ್ಟೋಬರ್ 27ರಂದು ಪ್ರಧಾನಿಯವರು ತಮ್ಮ ಬಾನುಲಿ ಭಾಷಣದಲ್ಲಿ ಇದನ್ನೇ ಸ್ಪಷ್ಟಪಡಿಸಿದರು. ಆದರೂ ಐದು ತಿಂಗಳು ಕಳೆಯುವಷ್ಟರಲ್ಲಿ, 2025ರ ಮಾರ್ಚ್‌ನಲ್ಲಿ, ನಮ್ಮದೇ ರಾಜ್ಯದ ಖಾನಾಪುರ ತಾಲೂಕಿನ ವೃದ್ಧ ದಂಪತಿಗಳಿಬ್ಬರು ಇದೇ ಬಗೆಯ ಕರೆಗಳಿಗೆ ಸಿಲುಕಿ ಐವತ್ತು ಲಕ್ಷ ರೂಪಾಯಿಗೂ ಮಿಗಿಲಾಗಿ ಕಳೆದುಕೊಂಡು, ಕೊನೆಗೆ ಪ್ರಾಣವನ್ನೂ ಕಳೆದುಕೊಂಡರು. ಯಾರ ಹಂಗಿನಲ್ಲಿಯೂ ಬದುಕುವ ಇಚ್ಛೆಯಿಲ್ಲವೆಂಬ ಭಾವ ಅವರು ಬಿಟ್ಟುಹೋದ ಪತ್ರದಲ್ಲಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಇಂತಹ ಸಂಕಟದಲ್ಲಿರುವವರ ಮಾತು ಕೇಳಲು ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ತೆರೆದಿದೆ ಎಂಬುದನ್ನು ಇಲ್ಲಿಯೇ ತಿಳಿಸುವುದು ಉಚಿತ.

ಹಂಗು ಎಂಬ ಆ ಒಂದು ಮಾತು ನಮ್ಮನ್ನು ಯೋಚನೆಗೆ ಹಚ್ಚಬೇಕು. ಯಾರಿಗೂ ಹೇಳಬೇಡಿ ಎಂಬ ವಂಚಕನ ಅಪ್ಪಣೆ ಇಷ್ಟು ಸುಲಭವಾಗಿ ಏಕೆ ನಡೆಯುತ್ತದೆ? ಹೇಳದಿರಲು ಹಿರಿಯರಿಗೆ ಅವರದೇ ಕಾರಣ ಮೊದಲೇ ಇರುತ್ತದೆ. ವಿಷಯ ಮಗನಿಗೆ ತಿಳಿದರೆ ಮೊಬೈಲ್ ಹೋಗುತ್ತದೆ, ಎ.ಟಿ.ಎಂ. ಕಾರ್ಡ್ ಹೋಗುತ್ತದೆ, ಹಬ್ಬಕ್ಕೆ ಮೊಮ್ಮಗಳಿಗೊಂದು ಲಂಗ ಕೊಳ್ಳಲೂ ಸೊಸೆಯ ಮುಂದೆ ಕೈಚಾಚಬೇಕು. ಎರಡು ಸಾವಿರ ರೂಪಾಯಿ ಹೋದಾಗ ಮಾಡಿದ ಗದರಿಕೆಯೇ, ಎರಡು ಲಕ್ಷ ಹೋಗುವಾಗ ತಾಯಿಯ ಬಾಯಿ ಕಟ್ಟಿಹಾಕುತ್ತದೆ. ಹೀಗಿರುವಾಗ ಪಾಸ್‌ಪುಸ್ತಕವನ್ನು ಕಸಿದುಕೊಳ್ಳುವ ಮಕ್ಕಳು ತಾವು ರಕ್ಷಿಸುತ್ತಿದ್ದೇವೆಂದು ಭಾವಿಸಬಹುದು. ನನ್ನ ಅಭಿಪ್ರಾಯದಲ್ಲಿ ಅವರು ವಂಚಕನ ಕೆಲಸವನ್ನು ಹಗುರಗೊಳಿಸುತ್ತಿದ್ದಾರೆ.

ಹೇಳಲು ಸಂಕೋಚವಾದರೂ ಹೇಳಬೇಕಾದ ಇನ್ನೊಂದು ಮಾತಿದೆ. ಹಿರಿಯರ ಆಸ್ತಿಗೆ ಅಪಾಯ ಯಾವಾಗಲೂ ಹೊರಗಿನಿಂದಲೇ ಬರುವುದಿಲ್ಲ. 'ನಿಮಗೇಕೆ ಈ ತೊಂದರೆ, ನನ್ನ ಹೆಸರಿಗೆ ಮಾಡಿಬಿಡಿ' ಎಂಬ ಪ್ರೀತಿಯ ಮಾತಿಗೆ ದಾನಪತ್ರ ಬರೆದುಕೊಟ್ಟು, ನಂತರ ತಾವೇ ಕಟ್ಟಿಸಿದ ಮನೆಯಲ್ಲಿ ಅತಿಥಿಗಳಾದವರಿದ್ದಾರೆ. ಬದುಕಿರುವಾಗಲೇ ಮಗನಿಗಾಗಲಿ ಮಡದಿಗಾಗಲಿ ಮಿತ್ರನಿಗಾಗಲಿ ನಿನ್ನ ಮೇಲಿನ ಅಧಿಕಾರವನ್ನು ಒಪ್ಪಿಸಬೇಡ ಎಂದು ಸಿರಾಖನ ಗ್ರಂಥದ 33ನೇ ಅಧ್ಯಾಯ ಎಚ್ಚರಿಸುತ್ತದೆ. ಅದೇ ಗ್ರಂಥದ 3ನೇ ಅಧ್ಯಾಯ, ತಂದೆಯ ಬುದ್ಧಿ ಮಂಕಾದರೂ ಅವನನ್ನು ಹೀಗಳೆಯಬೇಡವೆಂದು ಮಗನಿಗೆ ಬುದ್ಧಿ ಹೇಳುತ್ತದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯಿದೆಯ 23ನೇ ಪ್ರಕರಣವು, ಆರೈಕೆಯ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಆರೈಕೆ ದೊರೆಯದಿದ್ದಲ್ಲಿ ಹಿಂಪಡೆಯಲು ಅವಕಾಶ ನೀಡಿದೆ. ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ಮುಂದೆ ಸಲ್ಲಿಸಬೇಕು. ಆದರೆ ಷರತ್ತು ಇದ್ದುದನ್ನು ಸಾಬೀತುಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿದೆ. ಆದುದರಿಂದ ದಾನಪತ್ರ ಬರೆಯಲೇಬೇಕೆಂದಿದ್ದರೆ ಷರತ್ತು ಅದರಲ್ಲಿಯೇ ಇರಲಿ. ಅದಕ್ಕಿಂತ ಉಯಿಲು ಮೇಲು. ಮನಸ್ಸು ಬದಲಾದರೆ ಅದನ್ನು ಬದಲಿಸಬಹುದು.

ಹಾಗಾದರೆ ಮಕ್ಕಳು ಏನೂ ಮಾಡಬಾರದೆ? ಮಾಡಬೇಕು, ಹಿರಿಯರ ಒಪ್ಪಿಗೆ ಪಡೆದು, ಏನೂ ಸಂಭವಿಸದಿರುವಾಗಲೇ ಮಾಡಬೇಕು. ದಿನವಹಿ ಖರ್ಚಿನ ಸಣ್ಣ ಮೊತ್ತಕ್ಕೆ ಒಂದು ಖಾತೆಯಿದ್ದು, ಯು.ಪಿ.ಐ. ಮತ್ತು ಕಾರ್ಡ್ ಅದಕ್ಕಷ್ಟೇ ಇರಲಿ. ಉಳಿದ ಹಣ ಬೇರೆ ಖಾತೆಯಲ್ಲಿ, ಮೊಬೈಲ್ ಬ್ಯಾಂಕಿಂಗ್ ಇಲ್ಲದೆ, ಶಾಖೆಗೆ ಹೋಗಿ ಸಹಿ ಮಾಡಿದರೆ ಮಾತ್ರ ದೊರೆಯುವಂತಿರಲಿ. ಶಾಖೆಗೆ ಹೋಗಲು ಹಿಡಿಯುವ ಆ ಒಂದು ಗಂಟೆ ಎಷ್ಟೋ ಮೋಸಗಳನ್ನು ಕರಗಿಸುತ್ತದೆ. ವರ್ಗಾವಣೆಯ ದೈನಿಕ ಮಿತಿಯನ್ನು ಇಳಿಸಬಹುದು; ಎಷ್ಟೆಂಬುದನ್ನು ಖಾತೆದಾರರೇ ಹೇಳಲಿ. ನಡೆಯಲಾಗದವರ ಪರವಾಗಿ ವ್ಯವಹರಿಸಲು ಮಗಳಿಗೆ ಬ್ಯಾಂಕಿನಲ್ಲಿ ಅಧಿಕಾರಪತ್ರ ಕೊಡಬಹುದು, ಬೇಡವೆನಿಸಿದಾಗ ರದ್ದುಪಡಿಸಲೂಬಹುದು. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದಾಗಿದೆ. ನಾಮಿನಿಯಾದ ಮಾತ್ರಕ್ಕೆ, ಖಾತೆದಾರರು ಜೀವಂತವಿರುವಾಗ ಯಾರಿಗೂ ಆ ಹಣದ ಮೇಲೆ ಹಕ್ಕಿಲ್ಲ.

ಹಣ ಹೋಗಿಯೇಬಿಟ್ಟರೆ 1930ಕ್ಕೆ ತಕ್ಷಣ ಕರೆ ಮಾಡಬೇಕು. ಕದ್ದ ಹಣ ನಿಮಿಷಗಳಲ್ಲಿ ಹತ್ತಾರು ಖಾತೆಗಳಿಗೆ ಹಂಚಿಹೋಗುತ್ತದೆ; ಅದು ಯಾವುದಾದರೊಂದು ಖಾತೆಯಲ್ಲಿ ಇನ್ನೂ ನಿಂತಿರುವಾಗಲೇ ತಡೆಹಿಡಿಸಲು ಈ ವ್ಯವಸ್ಥೆಯಿದೆ. ಖಾತೆ ಸಂಖ್ಯೆ, ವ್ಯವಹಾರದ ಸಂಖ್ಯೆ, ಹೊತ್ತು, ಕರೆ ಬಂದ ಸಂಖ್ಯೆ ಇವಿಷ್ಟು ಕೈಯಲ್ಲಿರಲಿ. ಮೊಬೈಲಿನ ಯಾವ ಸಂದೇಶವನ್ನೂ ಅಳಿಸಬಾರದು. ಬ್ಯಾಂಕಿಗೂ ಅಂದೇ ತಿಳಿಸಬೇಕು. ಬಳಿಕ ಪೊಲೀಸ್ ಠಾಣೆಗೆ ಹೋದಾಗ ನಡೆದುದನ್ನು ಹಿರಿಯರೇ ತಮ್ಮ ಮಾತಿನಲ್ಲಿ, ತಮ್ಮ ನಿಧಾನದಲ್ಲಿ ಹೇಳಲಿ. ಮಗ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರೆ ಸಾಕು.