ಸುತ್ತುವ ಹರಿಗೋಲು, ಎತ್ತುವ ಕೀಲ್

1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯ ಹರಿಗೋಲುಗಳನ್ನು ಬೆರಗಿನಿಂದಲೇ ವರ್ಣಿಸಿದ್ದಾನೆ. ಬುಟ್ಟಿಯಂಥ ಆ ದೋಣಿಗಳಿಗೆ ಹೊರಗಿನಿಂದ ತೊಗಲು ಹೊದಿಸಿತ್ತು. ಹದಿನೈದಿಪ್ಪತ್ತು ಜನ ಹಿಡಿಸುತ್ತಿದ್ದರು. ಅವು ನೆಟ್ಟಗೆ ಹೋಗದೆ ಸದಾ ಗಿರಕಿ ಹೊಡೆಯುತ್ತವೆ ಎಂಬುದು ಅವನ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿ.

ಗಿರಕಿ ಹೊಡೆಯದೆ ಏನು ಮಾಡಿಯಾವು? ತಳದಲ್ಲಿ ನೀರನ್ನು ಹಿಡಿದು ನಿಲ್ಲುವಂಥದ್ದೇನೂ ಇಲ್ಲ. ಆದರೆ ನಮ್ಮ ಹೊಳೆಗಳಿಗೆ ಆ ಚಪ್ಪಟೆ ತಳವೇ ಸರಿ. ಅಫಜಲಪುರ, ಜೇವರ್ಗಿ ಸೀಮೆಯ ಭೀಮೆಯನ್ನೇ ನೋಡಿ. ಬೇಸಿಗೆಯಲ್ಲಿ ಮರಳು, ಬಂಡೆ, ನಡುನಡುವೆ ಮಡುಗಳು. 2020ರ ಅಕ್ಟೋಬರಿನಲ್ಲಿ ಅದೇ ಹೊಳೆ ಸೊನ್ನ ಬ್ಯಾರೇಜ್ ದಾಟಿ ಊರುಗಳಿಗೆ ನುಗ್ಗಿ, ಜನರನ್ನು ಕರೆತರಲು ಸೇನೆಯವರು ಬರಬೇಕಾಯಿತು. ಆಳಂದ ಕಡೆಯಿಂದ ಬಂದ ಅಮರ್ಜಾ ಹೊಳೆ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುತ್ತದೆ. ಅಲ್ಲಿಯೂ ಆಳ ಋತುವಿಗೊಂದು ಬಗೆ.

ಹಾಯಿದೋಣಿಯ ಪಾಡು ಬೇರೆ. ಗಾಳಿ ಮಗ್ಗುಲಿನಿಂದ ಬಡಿದರೆ ಅದು ಮುಂದಕ್ಕೆ ಹೋಗುವ ಬದಲು ಪಕ್ಕಕ್ಕೆ ಜಾರುತ್ತದೆ. ಈ ಜಾರುವಿಕೆಯನ್ನು ತಡೆಯಲು ಅಡಿಯಿಂದ ನೀರಿಗಿಳಿದ ಹಲಗೆ ಬೇಕು. ಅದೇ ಕೀಲ್. ಅದಕ್ಕೆ ಭಾರವಿದ್ದರೆ ದೋಣಿ ಮಗುಚದಂತೆಯೂ ಕಾಯುತ್ತದೆ. ಆದರೆ ಆಳಕ್ಕಿಳಿದ ಕೀಲ್ ಇದ್ದ ದೋಣಿ ತೆಳುನೀರಿನಲ್ಲಿ ನೆಲ ಕಚ್ಚಿ ಕೂರುತ್ತದೆ. ಬ್ರಿಟಿಷ್ ನೌಕಾ ಅಧಿಕಾರಿ ಜಾನ್ ಶ್ಯಾಂಕ್ ಹದಿನೆಂಟನೆಯ ಶತಮಾನದಲ್ಲೇ ಮೇಲೆ ಕೆಳಗೆ ಸರಿಯುವ ಕೀಲ್‌ಗಳನ್ನು ಮಾಡಿಸಿದ. 1798ರ ‘ಲೇಡಿ ನೆಲ್ಸನ್’ ಹಡಗಿಗೆ ಅಂಥವು ಮೂರಿದ್ದವು.

ಇಂದಿನ ಸಣ್ಣ ಪ್ರವಾಸಿ ಹಾಯಿದೋಣಿಗಳಲ್ಲಿ ಹೆಸರಾದದ್ದು ಅಮೆರಿಕದಲ್ಲಿ 1969ರಲ್ಲಿ ಬಂದ ಕ್ಯಾಟಲಿನಾ 22. ಅದರ ಒಂದು ಮಾದರಿಯಲ್ಲಿ ಸುಮಾರು 250 ಕಿಲೊ ತೂಕದ ಬೀಡುಕಬ್ಬಿಣದ ಕೀಲ್ ಒಂದು ಪಿನ್ನಿನ ಮೇಲೆ ತಿರುಗಿ, ಮಡಚುವ ಚಾಕುವಿನ ಅಲಗಿನಂತೆ ತಳದ ಸೀಳಿನತ್ತ ಮಡಚಿಕೊಳ್ಳುತ್ತದೆ. ಎತ್ತಿದರೆ ಎರಡಡಿ ನೀರು ಸಾಕು, ಇಳಿಸಿದರೆ ಐದಡಿ ಬೇಕು.

ಹರಿಗೋಲಿನ ಯಜಮಾನ ಅದನ್ನು ದಡದಲ್ಲಿ ಬೋರಲು ಹಾಕಿದರೆ ಗಾಯವೆಲ್ಲ ಕಣ್ಣಿಗೆ ಕಾಣುತ್ತದೆ. ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ ಬಂದಿದೆ; ಮೇಲೊಂದಿಷ್ಟು ಡಾಂಬರು ಬಳಿದರೆ ಮುಗಿಯಿತು. ಎತ್ತುವ ಕೀಲ್‌ನಲ್ಲಾದರೋ ಸವೆಯುವ ಭಾಗಗಳೆಲ್ಲ ಮರೆಯಲ್ಲಿವೆ. ಅದರ ಜಾಣತನಕ್ಕೆ ತೆರಬೇಕಾದ ಬೆಲೆ ಇದು.

ಮೊದಲು ಕೆಡುವುದು ಎತ್ತುವ ಉಕ್ಕಿನ ತಂತಿಹಗ್ಗ. ಒಂದೆರಡು ಎಳೆ ಕಿತ್ತು ಮುಳ್ಳಿನಂತೆ ಎದ್ದಿದ್ದರೆ ಹಗ್ಗವನ್ನೇ ಬದಲಿಸಬೇಕು. ಅದು ಹರಿದರೆ ಕಾಲು ಟನ್ ಕಬ್ಬಿಣ ಒಮ್ಮೆಗೇ ಕೆಳಗೆ ಬಡಿದು ದೋಣಿಯ ತಳವೇ ಸೀಳಬಹುದು. ಆಮೇಲೆ ಪಿನ್. ವರ್ಷಗಟ್ಟಲೆ ಅಲುಗಾಡಿ ಪಿನ್ ಸವೆಯುತ್ತದೆ, ಅದು ಕೂರುವ ತೂತು ಮೊಟ್ಟೆಯಾಕಾರಕ್ಕೆ ಅಗಲವಾಗುತ್ತದೆ. ಲಂಗರು ಹಾಕಿ ಮಲಗಿದ ರಾತ್ರಿ ಅಡಿಯಿಂದ ಟಕ್ ಟಕ್ ಸದ್ದು ಬಂದರೆ ಅನುಮಾನ ಅದರ ಮೇಲೆಯೇ. ತೂತಿಗೆ ಹೊಸ ಬುಷ್, ಎರಡೂ ಮಗ್ಗುಲಿಗೆ ವಾಷರ್ ಹಾಕುವುದು ರೂಢಿಯ ಮದ್ದು. ಉಪ್ಪುನೀರಿನಲ್ಲಿ ಕಬ್ಬಿಣ, ಕಂಚು, ಸ್ಟೇನ್ಲೆಸ್ ಸ್ಟೀಲ್ ಒಂದಕ್ಕೊಂದು ತಾಗಿಕೊಂಡಿದ್ದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ.

ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ಗಾಳಿ ತಾಗಿ ಮತ್ತೆ ಕೆಂಪಾಗುವ ಮೊದಲೇ ಎಪಾಕ್ಸಿ ಬಳಿಯಬೇಕು. ಹಾಗೆಂದು ವರ್ಷವರ್ಷ ಬಣ್ಣದ ಮೇಲೆ ಬಣ್ಣ ಹಚ್ಚುತ್ತ ಹೋದರೆ ಕೀಲ್ ದಪ್ಪಗಾಗಿ ಸೀಳಿನಲ್ಲೇ ಸಿಕ್ಕಿಬೀಳುತ್ತದೆ. ಹರಳುನೆಲದ ಮೇಲೆ ದೋಣಿ ಕೂತಾಗ ಸೀಳಿಗೆ ಕಲ್ಲು ಹೊಕ್ಕರೂ ಅದೇ ಗತಿ. ದೋಣಿಯನ್ನು ಭದ್ರವಾಗಿ ಎತ್ತಿ ನಿಲ್ಲಿಸಿ, ಕೀಲ್‌ಗೆ ಬೇರೆಯದೇ ಆಸರೆ ಕೊಡದೆ ಯಾರೂ ಅದರಡಿ ಕೈ ಹಾಕಬಾರದು.

ಕಲಬುರಗಿ ಜಿಲ್ಲೆಯವರು ಹಾಯಿದೋಣಿ ನೋಡಬೇಕೆಂದರೆ ಹೈದರಾಬಾದಿನ ಹುಸೇನ್ ಸಾಗರಕ್ಕೆ ಹೋಗಬಹುದು. 1562ರಲ್ಲಿ ಅದನ್ನು ಕಟ್ಟಿಸಿದ ಹುಸೇನ್ ಶಾ ವಲಿ ಕಲಬುರಗಿಯ ಸೂಫಿ ಸಂತ ಬಂದೇನವಾಜರ ವಂಶದವರೆಂಬ ಪ್ರತೀತಿಯಿದೆ. ಅಲ್ಲಿ ಸ್ಪರ್ಧೆಗಿಳಿಯುವ ಲೇಸರ್, ಮಕ್ಕಳ ಆಪ್ಟಿಮಿಸ್ಟ್ ದೋಣಿಗಳದು ಕಬ್ಬಿಣದ ಕೀಲ್ ಅಲ್ಲ, ಕೈಯಲ್ಲೇ ಎಳೆದು ತೆಗೆಯುವ ಹಗುರ ಹಲಗೆ. ದೋಣಿ ವಾಲದಂತೆ ತಡೆಯುವುದು ಕೂತವರ ಮೈಭಾರ. ಪಿನ್ ಇಲ್ಲ, ತಂತಿಯಿಲ್ಲ. ಅಂಚು ಚಕ್ಕೆ ಎದ್ದಲ್ಲಿ ನೀರು ಒಳಗಿಳಿಯುವ ಮೊದಲು ಎಪಾಕ್ಸಿ ತುಂಬಿ ಉಜ್ಜಬೇಕು, ಬಿಸಿಲಿಗೆ ಸೊಟ್ಟಗಾಗದಂತೆ ನೆರಳಿನಲ್ಲಿ ಸಮತಟ್ಟಾಗಿ ಇಡಬೇಕು, ದಡ ಮುಟ್ಟುವ ಮುನ್ನ ಮರೆಯದೆ ಮೇಲೆಳೆಯಬೇಕು.